ಘಟ್ಟದ ಮೇಲಿನ ವಾಹನ ವಿದ್ಯುತ್ ದುರಸ್ತಿ: ಡೈನಮೊದಿಂದ ಸ್ಪಾಯ್ಲರ್ ಮೋಟರಿನವರೆಗೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ವಾಹನಗಳ ವಿದ್ಯುತ್ ದುರಸ್ತಿಯು ಎಂಜಿನ್ ದುರಸ್ತಿಯಿಂದ ಬೇರೆಯಾದ ಕಸುಬಾಗಿ, ತನ್ನದೇ ಅಂಗಡಿ, ತನ್ನದೇ ಸಲಕರಣೆ ಮತ್ತು ತನ್ನದೇ ಶಿಷ್ಯವರ್ಗದೊಂದಿಗೆ ನೆಲೆಗೊಂಡದ್ದು ಜೀಪು ಮತ್ತು ಲಾರಿಗಳ ಕಾಲದಲ್ಲಿ. 1956ರವರೆಗೆ ಈ ಪ್ರದೇಶ ಮುಂಬಯಿ ರಾಜ್ಯಕ್ಕೆ ಸೇರಿದ್ದರಿಂದಲೂ, ರೈಲು ಈ ಮೂರು ಪೇಟೆಗಳಲ್ಲಿ ಒಂದನ್ನೂ ಮುಟ್ಟದೇ ಇದ್ದುದರಿಂದಲೂ, ಬಿಡಿಭಾಗಗಳಿಗಾಗಿ ಶಿರಸಿ ಮತ್ತು ಯಲ್ಲಾಪುರಗಳು ಹುಬ್ಬಳ್ಳಿಯನ್ನೂ, ಸಿದ್ದಾಪುರವು ಹುಬ್ಬಳ್ಳಿಯ ಜೊತೆಗೆ ಸಾಗರವನ್ನೂ ನೆಚ್ಚಿಕೊಂಡಿದ್ದವು. ಹೇಳಿ ಕಳಿಸಿದ ಸಾಮಾನು ಮರುದಿನದ ಬಸ್ಸಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೆಟ್ಟ ಭಾಗವನ್ನು ಬಿಸಾಡಿ ಹೊಸದನ್ನು ಕೂರಿಸುವ ಬದಲು ಅದನ್ನೇ ಬಿಚ್ಚಿ ಸರಿಪಡಿಸುವ ರೂಢಿ ಇಲ್ಲಿ ಬೇರೂರಿದ್ದಕ್ಕೆ ಈ ದೂರವೇ ಮೊದಲ ಕಾರಣ. ಇಂದು ಆ ರೂಢಿಯ ಬಹುಭಾಗ ಮರೆಯಾಗಿದೆ. ಆದರೂ ಸ್ಪೋರ್ಟ್ಸ್ ಕಾರಿನ ಹಿಂಬದಿಯಲ್ಲಿ ತಾನಾಗಿ ಏರಿ ಇಳಿಯುವ ಸ್ಪಾಯ್ಲರ್‌ನಂತಹ, ಈ ಊರುಗಳಿಗೆ ತೀರ ಹೊರಗಿನದೆನಿಸುವ ಭಾಗವೊಂದು ಕೆಟ್ಟು ನಿಂತಾಗ ಕೆಲಸಕ್ಕೆ ಬರುವುದು ಬಹುಮಟ್ಟಿಗೆ ಅದೇ ಹಳೆಯ ವಿದ್ಯೆ.

ಜೀಪು ಈ ಸೀಮೆಯ ಅಡಿಕೆ ತೋಟಗಳ ವಾಹನವಾಗಿ ದಶಕಗಳ ಕಾಲ ಆಳಿತು. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪನ್ನು ಭಾರತದಲ್ಲಿ ಜೋಡಿಸತೊಡಗಿದ ಮೇಲೆ, ಅಡಿಕೆ ಮೂಟೆ, ಗೊಬ್ಬರ, ಮದುವೆಯ ದಿಬ್ಬಣ, ಆಸ್ಪತ್ರೆಗೆ ಒಯ್ಯಬೇಕಾದ ಬಾಣಂತಿ, ಎಲ್ಲವೂ ಅದರಲ್ಲೇ ಸಾಗಿದವು. ಹಳೆಯ ಜೀಪುಗಳಲ್ಲಿ ಬ್ಯಾಟರಿಗೆ ಚಾರ್ಜ್ ಮಾಡುತ್ತಿದ್ದುದು ಡೈನಮೊ, ಎಂದರೆ ಎಂಜಿನ್ನಿನ ಬೆಲ್ಟಿನಿಂದ ತಿರುಗಿ ನೇರ ವಿದ್ಯುತ್ತನ್ನು ಕೊಡುವ ಯಂತ್ರ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೊ ಬ್ಯಾಟರಿಗಿಂತ ಹೆಚ್ಚು ವೋಲ್ಟೇಜ್ ಹುಟ್ಟಿಸಲಾರದ ಕಾರಣ, ವಿದ್ಯುತ್ತು ಹಿಮ್ಮುಖವಾಗಿ ಹರಿದು ಬ್ಯಾಟರಿ ಬರಿದಾಗದಂತೆ ತಡೆಯಲು ಕಟ್‌ಔಟ್ ಎಂಬ ಸಣ್ಣ ಸ್ವಿಚ್ಚು ನಡುವೆ ಇರುತ್ತಿತ್ತು. ಮಳೆಗಾಲದ ರಾತ್ರಿ ಘಟ್ಟದ ತಿರುವಿನಲ್ಲಿ ಗೇರು ಬದಲಿಸುವಾಗ ಹೆಡ್‌ಲೈಟು ಮಂಕಾಗುತ್ತಿದ್ದುದನ್ನು ಆ ಕಾಲದ ಚಾಲಕರು ದೋಷವೆಂದು ಎಣಿಸುತ್ತಿರಲಿಲ್ಲ. ವೇಗ ಏರಿದಂತೆ ಅದು ಮರಳಿ ಬೆಳಗಬೇಕು, ಬೆಳಗದಿದ್ದರೆ ಮಾತ್ರ ಮರುದಿನ ಗಾಡಿ ಅಂಗಡಿಯ ಮುಂದೆ ನಿಲ್ಲಬೇಕು.

ಅಂತಹ ಅಂಗಡಿಯಲ್ಲಿ ನಡೆಯುತ್ತಿದ್ದ ಕೆಲಸವನ್ನು ವಿವರವಾಗಿ ದಾಖಲಿಸುವುದು ಅಗತ್ಯ, ಏಕೆಂದರೆ ಅದನ್ನು ಮಾಡಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಮೇಸ್ತ್ರಿ ಡೈನಮೊವನ್ನು ಬಿಚ್ಚಿ ಅದರ ತಿರುಗುವ ಭಾಗವಾದ ಆರ್ಮೇಚರನ್ನು ಹೊರತೆಗೆದು, ತಾಮ್ರದ ಪಟ್ಟಿಗಳಿಂದಾದ ಕಮ್ಯುಟೇಟರನ್ನು ಪಾಲಿಶ್ ಕಾಗದದಿಂದ ಉಜ್ಜಿ ಹೊಳಪಿಗೆ ತರುತ್ತಿದ್ದ. ಆಮೇಲೆ ತುಂಡಾದ ಹ್ಯಾಕ್ಸಾ ಬ್ಲೇಡಿನ ಮೊನೆಯಿಂದ, ಒಂದೊಂದು ತಾಮ್ರಪಟ್ಟಿಯ ನಡುವಿನ ಅಭ್ರಕವನ್ನು ಕೂದಲೆಳೆಯಷ್ಟು ಕೆಳಗಿಳಿಯುವಂತೆ ಕೆರೆಯುತ್ತಿದ್ದ. ಅಭ್ರಕ ತಾಮ್ರಕ್ಕಿಂತ ಗಟ್ಟಿಯಾದ್ದರಿಂದ ತಾಮ್ರ ಸವೆದಂತೆಲ್ಲ ಅದು ಎದ್ದು ನಿಂತು, ಮೇಲೆ ಒತ್ತಿಕೊಂಡಿರುವ ಕಾರ್ಬನ್ ಬ್ರಷ್ಷನ್ನು ಕುಣಿಸಿ ಕಿಡಿ ಹಾರಿಸುತ್ತದೆ. ಸುರುಳಿಯೊಳಗೆ ತಂತಿಗಳು ಒಂದಕ್ಕೊಂದು ತಾಗಿವೆಯೇ ಎಂದು ತಿಳಿಯಲು ಗ್ರೌಲರ್ ಎಂಬ ವಿದ್ಯುತ್ಕಾಂತದ ಮೇಲೆ ಆರ್ಮೇಚರನ್ನು ಇಟ್ಟು, ಅದರ ತೋಡುಗಳ ಉದ್ದಕ್ಕೂ ಒಂದು ಹ್ಯಾಕ್ಸಾ ಬ್ಲೇಡನ್ನು ಹಿಡಿಯಲಾಗುತ್ತಿತ್ತು. ಬ್ಲೇಡು ಗುಂಯ್‌ಗುಡುತ್ತ ನಡುಗಿದ ಜಾಗದಲ್ಲೇ ದೋಷ. ಉಳಿದ ಪರೀಕ್ಷೆಗಳಿಗೆಲ್ಲ ಒಂದು ಬಲ್ಬು ಮತ್ತು ಎರಡು ವೈರುಗಳ ಟೆಸ್ಟ್ ಲ್ಯಾಂಪ್ ಸಾಕಾಗುತ್ತಿತ್ತು. ಬಲ್ಬು ಉರಿಯಿತೇ ಇಲ್ಲವೇ ಎಂಬುದಷ್ಟೇ ಅಲ್ಲ, ಎಷ್ಟು ಪ್ರಖರವಾಗಿ ಉರಿಯಿತು ಎಂಬುದನ್ನೂ ನೋಡಿ ಮೇಸ್ತ್ರಿ ತೀರ್ಮಾನಕ್ಕೆ ಬರುತ್ತಿದ್ದ. ಆ ಪ್ರಖರತೆಯನ್ನು ಓದುವ ಕಣ್ಣೇ ಈ ವಿದ್ಯೆಯ ತಿರುಳು.

ಈ ಸೀಮೆಯ ಮಳೆಯೂ ಕಸುಬನ್ನು ಒಂದು ದಿಕ್ಕಿಗೆ ತಿದ್ದಿತು. ವಾಹನದಲ್ಲಿ ಬ್ಯಾಟರಿಯಿಂದ ಹೊರಟ ವಿದ್ಯುತ್ತು ವೈರಿನ ಮೂಲಕ ಬಲ್ಬಿಗೋ ಮೋಟರಿಗೋ ಹೋಗಿ, ಮರಳುವಾಗ ಗಾಡಿಯ ಕಬ್ಬಿಣದ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಹೀಗೆ ಮೈಗೆ ಸೇರುವ ಬಿಂದುವನ್ನು ಅರ್ಥ್ ಎನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ, ತೋಟದ ಕೆಸರಿನಲ್ಲಿ, ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಲ್ಲಿ ಮೊದಲು ಕೆಡುವುದು ಈ ಅರ್ಥ್ ಬಿಂದುಗಳೇ. ಬೋಲ್ಟಿನ ಕೆಳಗೆ ತುಕ್ಕು ಹಿಡಿದು ವಿದ್ಯುತ್ತಿನ ದಾರಿ ಕಿರಿದಾಗುತ್ತದೆ. ಮೋಟರು ಚೆನ್ನಾಗಿದ್ದರೂ ಸೊರಗಿ ತಿರುಗುತ್ತದೆ. ಬಯಲುಸೀಮೆಯಲ್ಲಿ ಮೋಟರನ್ನೇ ಮೊದಲು ಸಂಶಯಿಸುವ ಕೆಲಸಗಾರನಿದ್ದರೆ, ಘಟ್ಟದ ಮೇಲಿನವನು ಮೊದಲು ಅರ್ಥ್ ಬೋಲ್ಟನ್ನು ಬಿಚ್ಚಿ, ಕೆರೆದು, ಗ್ರೀಸ್ ಹಚ್ಚಿ ಬಿಗಿಯುತ್ತಿದ್ದ. ಇದರ ಜೊತೆಗೆ ವೈರಿನ ಕವಚವನ್ನು ಕಡಿಯುವ ಇಲಿಗಳ ಕಾಟವಿತ್ತು. ಅದು ಈಗಲೂ ತಗ್ಗಿಲ್ಲ.

ಯಲ್ಲಾಪುರದ ಕಥೆ ತುಸು ಬೇರೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಹೆದ್ದಾರಿ, ಮೊದಲು 63 ಎಂದೂ ಈಗ 52 ಎಂದೂ ಗುರುತಿಸಲಾಗುವ ರಸ್ತೆ, ಪಟ್ಟಣವನ್ನು ಹಾದು ಅರಬೈಲ್ ಘಟ್ಟವನ್ನು ಇಳಿಯುವುದರಿಂದ ಅಲ್ಲಿನ ಕಸುಬು ಲಾರಿಗಳ ಮೇಲೆ ನಿಂತಿತು. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಬೇಲೆಕೇರಿ ಬಂದರಿಗೆ ಸಾಗುತ್ತಿದ್ದ ವರ್ಷಗಳಲ್ಲಿ ಹಗಲುರಾತ್ರಿ ಕೆಲಸವಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದ ಮೇಲೆ ಆ ಲಾರಿಗಳ ಸಾಲು ನಿಂತುಹೋಯಿತು.

ನಿಜವಾದ ಪಲ್ಲಟ ಬಂದದ್ದು ಕಾರುಗಳ ಮೂಲಕ. 1983ರ ಡಿಸೆಂಬರಿನಲ್ಲಿ ಮಾರುತಿ 800, ಮರುವರ್ಷ ಓಮ್ನಿ ಬಂದಾಗ ಡೈನಮೊದ ಜಾಗದಲ್ಲಿ ಆಲ್ಟರ್ನೇಟರ್ ಬಂದಿತ್ತಾದರೂ ದುರಸ್ತಿಯ ತರ್ಕ ಬದಲಾಗಿರಲಿಲ್ಲ. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ ಕಾರ್ಬ್ಯುರೇಟರ್ ಹೋಗಿ, ಇಂಧನವನ್ನು ಕಂಪ್ಯೂಟರಿನ ಅಳತೆಯಂತೆ ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆ ಬಂದಾಗ ಮೊದಲ ಬಾರಿಗೆ ಟೆಸ್ಟ್ ಲ್ಯಾಂಪ್ ಅಪಾಯಕಾರಿಯಾಯಿತು. ಅದರ ಬಲ್ಬು ಎಳೆದುಕೊಳ್ಳುವ ವಿದ್ಯುತ್ತಿಗೇ ಸೂಕ್ಷ್ಮ ಸರ್ಕಿಟ್ಟುಗಳು ಸುಟ್ಟುಹೋಗಬಲ್ಲವು. 2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮಗಳು ದೇಶಾದ್ಯಂತ ಜಾರಿಯಾದವು. ಇದರೊಂದಿಗೆ ಸ್ಟಿಯರಿಂಗಿನ ಕೆಳಗಿನ 16 ಪಿನ್ನುಗಳ ಕಿಂಡಿಗೆ ಸ್ಕ್ಯಾನರ್ ಚುಚ್ಚಿ ದೋಷದ ಸಂಕೇತಸಂಖ್ಯೆಯನ್ನು ಓದುವುದೇ ಪರೀಕ್ಷೆಯ ಮೊದಲ ಹೆಜ್ಜೆಯಾಯಿತು. ಕಂಪನಿಗಳು ಬಿಡಿ ಬ್ರಷ್ಷು, ಬಿಡಿ ಗೇರುಗಳ ಬದಲು ಇಡೀ ಘಟಕವನ್ನೇ ಮಾರುವ ಕ್ರಮಕ್ಕೆ ಹೊರಳಿದವು; ಸಾಮಾನು ಮರುದಿನವೇ ಕೊರಿಯರಿನಲ್ಲಿ ಬರುವಂತಾದ ಮೇಲೆ, ಅರ್ಧ ದಿನ ಕೂತು ಆರ್ಮೇಚರ್ ಉಜ್ಜುವುದಕ್ಕೆ ಗಿರಾಕಿಯೂ ಕೂಲಿ ಕೊಡಲು ಒಪ್ಪಲಿಲ್ಲ. ಇದರಲ್ಲಿ ಲಾಭವೂ ಇದೆ, ಗಾಡಿಗಳು ಮೊದಲಿಗಿಂತ ಕಡಿಮೆ ಕೆಡುತ್ತವೆ. ನಷ್ಟ ಆಗಿರುವುದು ಕಲಿಕೆಯಲ್ಲಿ: ಬಿಚ್ಚದ ವಸ್ತುವಿನ ಒಳಗನ್ನು ಕೆಲಸ ಕಲಿಯುವ ಹುಡುಗ ಅರಿಯಲಾರ.

ಈ ನಡುವೆ ಒಂದು ಬಗೆಯ ಕೆಲಸ ಮಾತ್ರ ಹಳೆಯ ಕ್ರಮವನ್ನು ಉಳಿಸಿಕೊಂಡಿತು, ಅದು ಸಣ್ಣ ಮೋಟರಿನಿಂದ ಚಲಿಸುವ ಭಾಗಗಳದ್ದು. ವೈಪರ್ ಸ್ವಿಚ್ಚನ್ನು ಮಧ್ಯದಲ್ಲೇ ಆರಿಸಿದರೂ ಕಡ್ಡಿ ಗಾಜಿನ ಬುಡಕ್ಕೆ ಹೋಗಿಯೇ ನಿಲ್ಲಲು ಕಾರಣ, ಮೋಟರಿನೊಳಗಿನ ಗೇರಿನ ಮೇಲಿರುವ ಒಂದು ತಾಮ್ರದ ತಟ್ಟೆ. ಸರಿಯಾದ ಜಾಗಕ್ಕೆ ಬಂದಾಗಲಷ್ಟೇ ಅದು ವಿದ್ಯುತ್ತನ್ನು ಕಡಿಯುತ್ತದೆ. 1990ರ ದಶಕದಲ್ಲಿ ಪವರ್ ವಿಂಡೋ ಬಂದಾಗ ಅದರ ನೈಲಾನ್ ಗೇರಿನ ಹಲ್ಲು ಮುರಿಯುವುದು, ಗಾಜಿನ ಹಳಿಯಲ್ಲಿ ಮಣ್ಣು ಸಿಕ್ಕಿ ಮೋಟರು ಬಿಸಿಯಾಗುವುದು ಈ ಅಂಗಡಿಗಳ ನಿತ್ಯದ ಕೆಲಸವಾಯಿತು. ತಾನಾಗಿ ಏರುವ ಸ್ಪಾಯ್ಲರ್ ಈ ಎರಡರ ಹತ್ತಿರದ ನೆಂಟ.

ಕಾರಿನ ಬೆನ್ನಿನ ಇಳಿಜಾರಿನ ಮೇಲೆ ಗಾಳಿ ವೇಗವಾಗಿ ಹರಿಯುವಾಗ ಅಲ್ಲಿ ಒತ್ತಡ ಕುಗ್ಗಿ, ಹಿಂಬದಿಯ ಚಕ್ರಗಳು ನೆಲದಿಂದ ಹಗುರಾಗತೊಡಗುತ್ತವೆ. ಹಿಂತುದಿಯಲ್ಲಿ ಅಡ್ಡಲಾಗಿ ನಿಲ್ಲುವ ಹಲಗೆಯಂತಹ ಸ್ಪಾಯ್ಲರ್ ಆ ಹರಿವನ್ನು ಮುರಿದು ಚಕ್ರಗಳ ಹಿಡಿತ ಉಳಿಸುತ್ತದೆ. ನಿಧಾನವಾಗಿ ಓಡುವಾಗ ಅದರ ಅಗತ್ಯವಿಲ್ಲದ್ದರಿಂದ ಅದನ್ನು ಮೈಯೊಳಗೆ ಅಡಗಿಸಿ, ಬೇಕಾದಾಗ ಮೋಟರಿನಿಂದ ಎಬ್ಬಿಸುವ ವ್ಯವಸ್ಥೆಯನ್ನು 1980ರ ದಶಕದ ಕೊನೆಯಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕೊರಾಡೊ ಮತ್ತು ಪೋರ್ಶೆ 911 ಕಾರುಗಳು ರೂಢಿಗೆ ತಂದವು. ಆ 911ರಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಏಳುತ್ತಿದ್ದ ಸ್ಪಾಯ್ಲರ್, 1996ರ ಪೋರ್ಶೆ ಬಾಕ್ಸ್‌ಸ್ಟರ್‌ನಲ್ಲಿ 120ಕ್ಕೆ ಎದ್ದು 80ಕ್ಕೆ ಇಳಿಯುವಂತಾಯಿತು. ಭಾರತದಲ್ಲಿ 2018ರ ಅಧಿಸೂಚನೆಯಂತೆ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಕಾರುಗಳಿಗಿರುವ ಗರಿಷ್ಠ ಮಿತಿಯೇ 120.

ಈ ಸೀಮೆಯ ದೇವಿಮನೆ ಘಟ್ಟದಲ್ಲಾಗಲಿ ಅರಬೈಲಿನಲ್ಲಾಗಲಿ ಅಂತಹ ವೇಗದ ಪ್ರಶ್ನೆಯೇ ಏಳದು. ಬೆಂಗಳೂರಿನಿಂದ ಹಬ್ಬಕ್ಕೆಂದೋ ಜೋಗ ಜಲಪಾತ ನೋಡಲೆಂದೋ ಈ ಕಡೆ ಬರುವ, ಅಥವಾ ತೋಟದ ಮನೆಯಲ್ಲೇ ನಿಲ್ಲುವ ಅಪರೂಪದ ಸ್ಪೋರ್ಟ್ಸ್ ಕಾರಿನ ಸ್ಪಾಯ್ಲರ್ ಇಲ್ಲಿ ಓಡುವಷ್ಟು ಕಾಲವೂ ಮಡಚಿಯೇ ಇರುತ್ತದೆ. ಚಲಿಸದ ಯಂತ್ರಕ್ಕೆ ಈ ಹವೆ ಎಷ್ಟು ಕೆಟ್ಟದ್ದೆಂಬುದನ್ನು ಜೀಪು ಕಂಡವರಿಗೆ ವಿವರಿಸಬೇಕಿಲ್ಲ. ಹಲಗೆಯ ಸುತ್ತಲಿನ ಸಂದಿಯಲ್ಲಿ ಎಲೆ, ಹೂವಿನ ಎಸಳು, ಕೆಂಪು ಮಣ್ಣಿನ ಧೂಳು ಸೇರಿ, ನೀರು ಬಸಿಯುವ ತೂತುಗಳು ಕಟ್ಟಿ, ಒಳಗೆ ತೇವ ನಿಲ್ಲುತ್ತದೆ, ಗ್ರೀಸು ಗಟ್ಟಿಯಾಗುತ್ತದೆ, ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟುತ್ತವೆ. ಮುಂದೆ ಹುಬ್ಬಳ್ಳಿಯೋ ಹಾವೇರಿಯೋ ದಾಟಿ ಚತುಷ್ಪಥ ಹೆದ್ದಾರಿಯಲ್ಲಿ ಅದು ಏಳಬೇಕಾದ ಹೊತ್ತಿಗೆ ಏಳದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ.

ಇದರ ದುರಸ್ತಿಯ ಆರಂಭ ಕಿವಿಯಿಂದ. ಇಂತಹ ಬಹುತೇಕ ಕಾರುಗಳಲ್ಲಿ, ನಿಂತಿರುವಾಗಲೂ ಸ್ಪಾಯ್ಲರನ್ನು ಎಬ್ಬಿಸಲು ಒಂದು ಕೈಸ್ವಿಚ್ಚು ಇರುತ್ತದೆ. ಅದನ್ನು ಒತ್ತಿದಾಗ ಸದ್ದೇ ಬಾರದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್ ಮತ್ತು ಅರ್ಥ್‌ಗಳ ಕಡೆಗೆ, ಮೋಟರು ತಿರುಗುವ ಸದ್ದು ಬಂದೂ ಹಲಗೆ ಕದಲದಿದ್ದರೆ ಗೇರಿನ ಕಡೆಗೆ, ಅರ್ಧಕ್ಕೆ ಎದ್ದು ನಿಂತರೆ ಕೀಲುಗಳು ಬಿಗಿದಿರುವ ಕಡೆಗೆ ಸಂಶಯ ತಿರುಗಬೇಕು. ಮೇಲಿನ ಮತ್ತು ಕೆಳಗಿನ ತುದಿಯನ್ನು ಗುರುತಿಸುವ ಪುಟ್ಟ ಲಿಮಿಟ್ ಸ್ವಿಚ್ಚುಗಳಿಂದ ನಿಗದಿತ ಹೊತ್ತಿನೊಳಗೆ ಸಂಕೇತ ಬಾರದಿದ್ದರೆ ನಿಯಂತ್ರಣ ಘಟಕ ಮೋಟರನ್ನು ತಾನೇ ನಿಲ್ಲಿಸುತ್ತದೆ. ಸ್ಪಾಯ್ಲರ್ ಪೂರ್ತಿ ಎದ್ದರೂ ದೀಪ ಆರದಿದ್ದರೆ ಕೆಟ್ಟಿರುವುದು ಆ ಸ್ವಿಚ್ಚೇ ಇರಬಹುದು. ಬಾಕ್ಸ್‌ಸ್ಟರ್‌ನಂತಹ ಕಾರಿನಲ್ಲಿ ನಡುವಿನ ಒಂದೇ ಮೋಟರು, ಎಡಕ್ಕೂ ಬಲಕ್ಕೂ ಬಳುಕುವ ಎರಡು ಕೇಬಲ್ಲುಗಳ ಮೂಲಕ ಎರಡು ಪಕ್ಕದ ಎತ್ತುಗೆಗಳನ್ನು ತಿರುಗಿಸುತ್ತದೆ. ಒಂದು ಕೇಬಲ್ಲಿನ ತುದಿ ಸವೆದು ಜಾರಿದರೆ ಹಲಗೆ ವಾರೆಯಾಗುತ್ತದೆ. ಕವಚದೊಳಗೆ ತಿರುಗುವ ಇದೇ ಬಗೆಯ ಕೇಬಲ್ಲು ಹಳೆಯ ಜೀಪಿನ ಸ್ಪೀಡೋಮೀಟರಿನಲ್ಲಿತ್ತು. ಅದರ ತುದಿ ಸವೆದಾಗ ಮುಳ್ಳು ಕುಣಿಯುತ್ತಿದ್ದುದನ್ನು ಬಲ್ಲ ಮೇಸ್ತ್ರಿಗೆ ಈ ರೋಗ ಹೊಸದಲ್ಲ.

ಫ್ಯೂಸ್ ತೆಗೆಯದೆ ಈ ಕೀಲುಗಳ ನಡುವೆ ಕೈ ಹಾಕಬಾರದು. ಮೋಟರು ಹಠಾತ್ತನೆ ತಿರುಗಿದರೆ ಬೆರಳು ಜಜ್ಜಿಹೋಗುವಷ್ಟು ಬಲ ಅದಕ್ಕಿದೆ. ಮೋಟರನ್ನು ಕಳಚಿ ಬ್ಯಾಟರಿಗೆ ನೇರವಾಗಿ ಕೊಟ್ಟು ನೋಡುವ ಹಳೆಯ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ, ಆದರೆ ಜೋಡಣೆಯಲ್ಲಿರುವಾಗ ಹಾಗೆ ಮಾಡಿದರೆ ಲಿಮಿಟ್ ಸ್ವಿಚ್ಚಿನ ಕಾವಲಿಲ್ಲದೆ ಅದು ತುದಿಗೆ ಬಡಿದು ಗೇರಿನ ಹಲ್ಲುಗಳನ್ನು ಮುರಿಯಬಹುದು. ಮೋಟರು ಭಾರ ಎಳೆಯುತ್ತಿರುವಾಗಲೇ ಅದರ ಬಾಯಲ್ಲಿ ಮಲ್ಟಿಮೀಟರ್ ಇಟ್ಟು ನೋಡುವುದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ: ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದು ಮೋಟರಿನಲ್ಲಿ 9 ಮಾತ್ರ ಸಿಕ್ಕರೆ ಉಳಿದ 3 ವೋಲ್ಟ್ ದಾರಿಯ ತುಕ್ಕಿನಲ್ಲಿ ಕಳೆದಿದೆ ಎಂದರ್ಥ. ಟೆಸ್ಟ್ ಲ್ಯಾಂಪಿನ ಪ್ರಖರತೆಯಲ್ಲಿ ಹಿಂದಿನವರು ಓದುತ್ತಿದ್ದುದೂ ಇದನ್ನೇ. ಸ್ಕ್ಯಾನರ್ ಇಂತಹ ಸಂದರ್ಭದಲ್ಲಿ ಸ್ಪಾಯ್ಲರ್ ಸಮಯಕ್ಕೆ ತುದಿ ಮುಟ್ಟಲಿಲ್ಲ ಎಂದಷ್ಟೇ ವರದಿ ಮಾಡುತ್ತದೆ. ಎಲೆ ಸಿಕ್ಕಿದೆಯೋ, ಗ್ರೀಸು ಕಲ್ಲಾಗಿದೆಯೋ, ಅರ್ಥ್ ಬೋಲ್ಟು ಸಡಿಲವಾಗಿದೆಯೋ ಎಂಬುದು ಅದರ ಅರಿವಿನ ಆಚೆಗಿನದು. ಆ ಸಂಖ್ಯೆಯನ್ನು ನಂಬಿ ದುಬಾರಿ ಮೋಟರನ್ನೇ ಬದಲಿಸಿದ ಮೇಲೂ ದೋಷ ಹಾಗೆಯೇ ಉಳಿಯುವುದು ಅಪರೂಪವಲ್ಲ.

ಹಳೆಯ ಅಭ್ಯಾಸಗಳೆಲ್ಲ ಇಲ್ಲಿಗೆ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಜೀಪಿನ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದ ಕೈ, ಪ್ಲಾಸ್ಟಿಕ್ ಗೇರು ಮತ್ತು ರಬ್ಬರ್ ಸೀಲುಗಳಿರುವ ಈ ಘಟಕದಲ್ಲಿ ಗಟ್ಟಿಯಾದ ಗ್ರೀಸನ್ನು ಬಟ್ಟೆಯಿಂದ ಒರೆಸಿ ತೆಗೆದು, ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸನ್ನು ಮಿತವಾಗಿ ಹಚ್ಚಬೇಕು. ಜೋಡಣೆ ಮುಗಿದ ಮೇಲೆ ನಿಯಂತ್ರಣ ಘಟಕದ ಸ್ಮೃತಿಯಲ್ಲಿ ಉಳಿದ ದೋಷಸಂಖ್ಯೆಯನ್ನು ಅಳಿಸಲು ಸ್ಕ್ಯಾನರ್ ಬೇಕೇ ಬೇಕು. ಘಟ್ಟದ ರಸ್ತೆಯಲ್ಲಿ ಓಡಿಸಿ ಪರೀಕ್ಷಿಸುವ ವೇಗ ಸಿಗದ ಕಾರಣ ಕೈಸ್ವಿಚ್ಚಿನಿಂದ ಹಲವು ಸಲ ಎಬ್ಬಿಸಿ ಇಳಿಸಿ, ಎರಡು ಪಕ್ಕಗಳೂ ಒಂದೇ ಹೊತ್ತಿಗೆ ತುದಿ ಮುಟ್ಟುತ್ತವೆಯೇ ಎಂದು ನೋಡಬೇಕಾಗುತ್ತದೆ. ಆಮೇಲೆ ಸಂದಿಗೆ ಒಂದು ಚೊಂಬು ನೀರು ಹೊಯ್ದು, ಬಸಿಯುವ ತೂತುಗಳಿಂದ ಅದು ತಡೆಯಿಲ್ಲದೆ ಕೆಳಗಿಳಿಯುತ್ತದೆಯೇ ಎಂದು ಬಗ್ಗಿ ನೋಡುವುದು ಕಂಪನಿಯ ಕೈಪಿಡಿಯಲ್ಲಿ ಇರಲಿ, ಇಲ್ಲದಿರಲಿ, ಜೂನ್ ತಿಂಗಳು ಹತ್ತಿರವಾದಾಗ ಈ ಸೀಮೆಯಲ್ಲಿ ಬಿಡುವಂಥದ್ದಲ್ಲ.