ಬಿಲ್ಕೀಸ್‌ಳ ಮೊಣಕಾಲು

ಆಟದ ಸುದ್ದಿಯ ಪುಟ ಬಂದರೆ ಮಗುಚಿ ಮುಂದೆ ಹೋಗುವ ಅಭ್ಯಾಸ ನಿಮ್ಮಲ್ಲಿ ಅನೇಕರಿಗಿರಬಹುದು, ಸಹೋದರಿಯರೇ. ನನಗೂ ಇದೆ. ಆದರೆ ಬಿಲ್ಕೀಸ್ ಅಬ್ದುಲ್ ಖಾದಿರ್ ಎಂಬ ಹೆಸರು ಕಂಡರೆ ನೀವೂ ಒಮ್ಮೆ ನಿಲ್ಲುತ್ತೀರಿ. ಸಬಾದ ರಾಣಿಯ ಹೆಸರು ಹೊತ್ತ, ತಲೆಗೆ ಶಿರವಸ್ತ್ರ ಕಟ್ಟಿ, ಕೈಕಾಲು ಪೂರ್ತಿ ಮುಚ್ಚುವ ಉಡುಪು ಧರಿಸಿದ ಹುಡುಗಿಗೆ ಅಮೆರಿಕದ ಬಾಸ್ಕೆಟ್‌ಬಾಲ್ ಅಂಗಣದಲ್ಲಿ ಏನು ಕೆಲಸ?

ಬಿಲ್ಕೀಸ್ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದವಳು. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಈ ಆಟವನ್ನು ಕಂಡುಹಿಡಿದದ್ದು ಅದೇ ಊರಿನಲ್ಲಿ. ಹಾಗಾಗಿ ಅಲ್ಲಿ ಚೆಂಡು ಹಿಡಿಯುವ ಮಕ್ಕಳಿಗೆ ಕೊರತೆಯಿಲ್ಲ. ಅಂಥ ಕಡೆ ಈ ಹುಡುಗಿ ಹೈಸ್ಕೂಲ್ ಮುಗಿಸುವಷ್ಟರಲ್ಲಿ ಒಟ್ಟು 3,070 ಅಂಕ ಗಳಿಸಿದ್ದಳು. ಅದುವರೆಗೆ ಆ ರಾಜ್ಯದ ಹೈಸ್ಕೂಲ್ ದಾಖಲೆ ಇದ್ದದ್ದು ರೆಬೆಕಾ ಲೋಬೊ ಅವರ ಹೆಸರಿನಲ್ಲಿ. ಲೋಬೊ ಎಂದರೆ 1996ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಆಟಗಾರ್ತಿ. 2009ರ ರಮಝಾನ್‌ನಲ್ಲಿ ಅಧ್ಯಕ್ಷ ಒಬಾಮ ಶ್ವೇತಭವನದಲ್ಲಿ ಇಫ್ತಾರ್ ಏರ್ಪಡಿಸಿದಾಗ ಬಿಲ್ಕೀಸ್‌ಳನ್ನೂ ಕರೆದಿದ್ದರು. ತುಂಬಿದ ಸಭೆಯಲ್ಲಿ ಅವಳ ಹೆಸರು ಹೇಳಿ ಹೊಗಳಿದರು.

ಮೆಂಫಿಸ್ ವಿಶ್ವವಿದ್ಯಾನಿಲಯ ಅವಳಿಗೆ ಕ್ರೀಡಾ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡಿತ್ತು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಅತ್ಯುನ್ನತ ಹಂತದಲ್ಲಿ ಹಿಜಾಬ್ ಧರಿಸಿ ಆಡುವ ಮೊದಲ ಹುಡುಗಿ ಅವಳಾಗಲಿದ್ದಳು. ಎಲ್ಲರ ಕಣ್ಣು ಅವಳ ಮೇಲೆ. ಆದರೆ ಮೊದಲ ಸೀಸನ್ನಿನ ಒಂದೇ ಒಂದು ಪಂದ್ಯ ಆಡುವ ಮುನ್ನ ಮೊಣಕಾಲಿನ ಎಸಿಎಲ್ ಹರಿಯಿತು. ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಎಸಿಎಲ್ ಎಂದರೇನೆಂದು ಸ್ವಲ್ಪ ಹೇಳಿಬಿಡುತ್ತೇನೆ, ಏಕೆಂದರೆ ಇದು ಅಮೆರಿಕದ ಹುಡುಗಿಯರ ಕಾಯಿಲೆಯೇನಲ್ಲ. ತೊಡೆಯ ಎಲುಬನ್ನೂ ಕಾಲಿನ ಎಲುಬನ್ನೂ ಮೊಣಕಾಲಿನ ಒಳಗೆ ಅಡ್ಡಲಾಗಿ ಬಿಗಿದು ಹಿಡಿಯುವ ಒಂದು ಲಿಗಮೆಂಟ್ ಅದು. ಯಾರೋ ದೂಡಿದರೇ ಹರಿಯಬೇಕೆಂದಿಲ್ಲ. ಓಡುತ್ತಿದ್ದವಳು ತಟ್ಟನೆ ತಿರುಗಿದರೆ, ಹಾರಿದವಳು ಮೊಣಕಾಲು ಒಳಕ್ಕೆ ವಾಲಿಸಿ ನೆಲಕ್ಕಿಳಿದರೆ ಸಾಕು. ಒಳಗೆ 'ಟಪ್' ಎಂದಂತಾಗುತ್ತದೆ, ಕೆಲವು ಗಂಟೆಗಳಲ್ಲಿ ಕಾಲು ಊದಿಕೊಳ್ಳುತ್ತದೆ. ಬಾಸ್ಕೆಟ್‌ಬಾಲ್, ಫುಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಇದು ಹೆಚ್ಚು. ಸೊಂಟ ಮತ್ತು ಕಾಲುಗಳ ರಚನೆ, ತೊಡೆಯ ಹಿಂಭಾಗದ ಸ್ನಾಯುಗಳ ಬಲ, ನೆಲಕ್ಕಿಳಿಯುವ ರೀತಿ ಹೀಗೆ ಕಾರಣಗಳು ಹಲವು. ನಿಮ್ಮ ಮಗಳು ಶಾಲೆಯ ತಂಡದಲ್ಲಿದ್ದರೆ ವ್ಯಾಯಾಮ ಶಿಕ್ಷಕರನ್ನು ಒಂದು ಮಾತು ಕೇಳಿ: ಆಟಕ್ಕೆ ಮುಂಚೆ ಹದಿನೈದು ನಿಮಿಷ ಹಾರಿ ಸರಿಯಾಗಿ ಇಳಿಯುವ, ಒಂಟಿ ಕಾಲಿನಲ್ಲಿ ನಿಲ್ಲುವ, ತೊಡೆಗೆ ಬಲ ಕೊಡುವ ಅಭ್ಯಾಸ ಮಾಡಿಸುತ್ತಾರೆಯೇ? ಇಷ್ಟರಿಂದಲೇ ಇಂಥ ಗಾಯಗಳು ಬಹಳ ಕಡಿಮೆಯಾಗುತ್ತವೆ.

ಪೂರ್ತಿ ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಮತ್ತೆ ಆಡಬೇಕೆನ್ನುವವರಿಗೆ ತೊಡೆಯ ಹಿಂಭಾಗದಿಂದಲೋ ಮೊಣಕಾಲ ಚಿಪ್ಪಿನ ಕೆಳಗಿನಿಂದಲೋ ಒಂದು ಎಳೆ ತೆಗೆದು ಹೊಸ ಲಿಗಮೆಂಟ್ ಕೂರಿಸುತ್ತಾರೆ. ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯದು. ಅದರ ನಂತರದ ಒಂಬತ್ತು ತಿಂಗಳು ಕಷ್ಟ. ಕಾಲು ನೇರ ಮಾಡಲು ಕಲಿಯಬೇಕು, ಮಡಚಲು ಕಲಿಯಬೇಕು, ಊರುಗೋಲು ಬಿಡಲು ಕಲಿಯಬೇಕು. ನಮಾಝ್‌ಗೆ ನಿಂತರೆ ಸುಜೂದ್‌ಗೆ ಹೋಗಲಾಗದು, ಕುರ್ಚಿಯಲ್ಲಿ ಕುಳಿತು ಸನ್ನೆಯಿಂದಲೇ ಮುಗಿಸಬೇಕು. ಅಜ್ಜಿಯಂದಿರು ಕೂರುವ ಆ ಕುರ್ಚಿಯಲ್ಲಿ ಹದಿನೆಂಟರ ಹುಡುಗಿ ಕೂತಾಗ ಅವಳ ಮನಸ್ಸು ಹೇಗಿರುತ್ತದೆಂದು ಯೋಚಿಸಿದ್ದೀರಾ?

ನಾನು ನೋಡಿದ್ದೇನೆ. ನನ್ನ ಅಕ್ಕನ ಮಗಳು ಪಿಯುಸಿಯಲ್ಲಿದ್ದಾಗ ಕಬಡ್ಡಿ ಆಡುತ್ತಾ ಇದೇ ಲಿಗಮೆಂಟ್ ಹರಿದುಕೊಂಡಳು. ನೋಡಲು ಬಂದವರು ಒಬ್ಬರಾದರೂ "ಯಾವಾಗ ಆಡ್ತೀಯ ಮಗಳೇ?" ಎಂದು ಕೇಳಲಿಲ್ಲ. "ಹೆಣ್ಮಕ್ಕಳಿಗೆ ಇದೆಲ್ಲ ಯಾಕೆ ಬೇಕಿತ್ತು?" ಎಂದರು. ಹೊಲಿಗೆಯ ಗುರುತು ನೋಡಿ ಒಬ್ಬರು, "ನಾಳೆ ಮದುವೆ ಮಾತು ಬಂದಾಗ ಏನು ಹೇಳ್ತೀರಿ?" ಎಂದರು. ಅದನ್ನು ಅವಳ ಮುಂದೆಯೇ ಹೇಳಿದರು. ಅಕ್ಕ ಮಾತನಾಡಲಿಲ್ಲ, ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಎದ್ದು ಹೋಗಲು ಆ ಮಗುವಿಗೆ ಕಾಲಾದರೂ ಇತ್ತೇ?

ನಮ್ಮಲ್ಲಿ ಇಂಥ ಹೊತ್ತಿಗೆ ಸಬ್ರ್ ಎಂಬ ಪದ ಸುಲಭವಾಗಿ ಬಾಯಿಗೆ ಬರುತ್ತದೆ. ಸಹನೆಯೆಂದರೆ ಆಸೆ ಬಿಟ್ಟು ಮೂಲೆಯಲ್ಲಿ ಕೂರುವುದು ಎಂಬ ಅರ್ಥದಲ್ಲಿ ಅದನ್ನು ಬಳಸುವವರೇ ಹೆಚ್ಚು. ಸಹನೆಗೆ ನಾವೆಲ್ಲ ಮೊದಲು ಹೆಸರಿಸುವುದು ಪ್ರವಾದಿ ಅಯ್ಯೂಬ್(ಅ)ರನ್ನು ತಾನೆ? ಅವರು ರೋಗದಲ್ಲಿ ನರಳುತ್ತಾ ಅಲ್ಲಾಹನಲ್ಲಿ ಮೊರೆಯಿಟ್ಟರು. ಆಗ ಅವರಿಗೆ ಬಂದ ಆಜ್ಞೆ ಏನೆಂಬುದು ಸೂರಃ ಸ್ವಾದ್‌ನಲ್ಲಿದೆ. ಕಾಲಿನಿಂದ ನೆಲವನ್ನು ಬಡಿಯಬೇಕೆಂದು ಹೇಳಲಾಯಿತು. ತೊಳೆಯಲು ಮತ್ತು ಕುಡಿಯಲು ತಂಪಾದ ನೀರು ಅಲ್ಲಿಯೇ ದೊರೆಯಿತು. ಆ ನೀರನ್ನು ಕಾಲು ಆಡಿಸದೆಯೂ ಕೊಡಲು ಅಲ್ಲಾಹನು ಶಕ್ತನಾಗಿದ್ದ. ಫಿಸಿಯೋಥೆರಪಿಯ ಕೋಣೆಯಲ್ಲಿ ಹಲ್ಲುಕಚ್ಚಿ ಕಾಲೆತ್ತುವ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಬಿಲ್ಕೀಸ್‌ಳ ವಿಚಾರದಲ್ಲಿ ಒಂದು ಅನುಕೂಲವಿತ್ತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಆಗ ಇದ್ದ ಪದ್ಧತಿಯಂತೆ ವಿದ್ಯಾರ್ಥಿಗೆ ಐದು ವರ್ಷಗಳೊಳಗೆ ನಾಲ್ಕು ಸೀಸನ್ ಆಡಲು ಅವಕಾಶವಿತ್ತು. ಆಡದೆ ಕೂತ ವರ್ಷ ಲೆಕ್ಕದಿಂದ ಹೊರಗೆ. ಇದಕ್ಕೆ ಅಲ್ಲಿ 'ರೆಡ್‌ಶರ್ಟ್' ಎನ್ನುತ್ತಾರೆ. ಗಾಯಗೊಂಡವಳ ಕಳೆದುಹೋದ ವರ್ಷವನ್ನು ಹಿಂದಿರುಗಿಸಬೇಕೆಂದು ಯಾರೋ ಕೂತು ಯೋಚಿಸಿ ನಿಯಮದಲ್ಲಿ ಬರೆದಿಟ್ಟಿದ್ದರಲ್ಲ, ಅದು ನನಗೆ ಬಹಳ ಇಷ್ಟವಾಯಿತು. 2010-11ರ ಸೀಸನ್ನಿನಲ್ಲಿ ಬಿಲ್ಕೀಸ್ ಶಿರವಸ್ತ್ರದೊಂದಿಗೆ ಅಂಗಣಕ್ಕಿಳಿದಳು. ಮೆಂಫಿಸ್‌ನಲ್ಲಿ ಪದವಿ ಮುಗಿಸಿ, ಉಳಿದಿದ್ದ ಒಂದು ಸೀಸನ್ನನ್ನು ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಆಡುತ್ತಾ ಸ್ನಾತಕೋತ್ತರ ವ್ಯಾಸಂಗವನ್ನೂ ಮಾಡಿದಳು. ಮೊಣಕಾಲು ಕಸಿದ ವರ್ಷ ಹೀಗೆ ಕೈಗೆ ಬಂತು.

ಅವಳ ಆಟ ನಿಂತದ್ದು ಮೊಣಕಾಲಿನಿಂದಲ್ಲ. 2014ರಲ್ಲಿ ಯುರೋಪಿಗೆ ಹೋಗಿ ವೃತ್ತಿಪರ ಆಟಗಾರ್ತಿಯಾಗುವ ಯೋಚನೆಯಲ್ಲಿದ್ದಾಗ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ ಅಡ್ಡ ಬಂತು. ಆಟಗಾರರು ತಲೆಗೆ ಹೆಚ್ಚೆಂದರೆ 5 ಸೆಂಟಿಮೀಟರ್ ಅಗಲದ ಪಟ್ಟಿ ಕಟ್ಟಬಹುದು, ಅದಕ್ಕಿಂತ ಹೆಚ್ಚು ತಲೆ ಮುಚ್ಚುವಂತಿಲ್ಲ. ಕಾರಣವೇನು ಗೊತ್ತೇ? ಇತರ ಆಟಗಾರರಿಗೆ ಗಾಯವಾದೀತು! ನಿಜವಾದ ಗಾಯ ಎಂಥದೆಂದು ಬಿಲ್ಕೀಸ್‌ಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಗಾಯದಲ್ಲಿ ಶಿರವಸ್ತ್ರದ ಪಾಲು ಏನೂ ಇರಲಿಲ್ಲ. ನಾಲ್ಕು ಸೀಸನ್ ಹಿಜಾಬ್ ಧರಿಸಿಯೇ ಆಡಿದವಳಿಗೆ ಈಗ ಅದು ಅಪಾಯವೆಂದು ಹೇಳಲಾಯಿತು. ಅದೇ ವರ್ಷ ದಕ್ಷಿಣ ಕೊರಿಯಾದ ಇಂಚಾನ್‌ನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರ್‌ನ ಮಹಿಳಾ ತಂಡಕ್ಕೂ ಶಿರವಸ್ತ್ರ ತೆಗೆಯಲು ಹೇಳಿದರು. ಆ ಹುಡುಗಿಯರು ಒಪ್ಪದೆ ಮಂಗೋಲಿಯಾ ವಿರುದ್ಧದ ಪಂದ್ಯವನ್ನೇ ಬಿಟ್ಟುಕೊಟ್ಟರು. ಬಟ್ಟೆಯೊಂದರ ಕಾರಣಕ್ಕೆ ಬಾಗಿಲಲ್ಲಿ ನಿಲ್ಲುವುದೆಂದರೇನೆಂದು 2022ರಲ್ಲಿ ನಮ್ಮ ಕರ್ನಾಟಕದ ಕಾಲೇಜುಗಳ ಗೇಟುಗಳಲ್ಲಿ ನಾವೂ ನೋಡಿದ್ದೇವೆ, ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಿರವಸ್ತ್ರ ತೆಗೆದಿಟ್ಟು ಆಡುವ ದಾರಿ ತೆರೆದೇ ಇತ್ತು. ಅವಳು ಅದನ್ನು ಆರಿಸಿಕೊಳ್ಳಲಿಲ್ಲ. ಸುಮ್ಮನೆ ಕೂರಲೂ ಇಲ್ಲ. ಬೋಸ್ನಿಯಾ ಮೂಲದ ಆಟಗಾರ್ತಿ ಇಂದಿರಾ ಕಲ್ಜೊ ಮೊದಲಾದವರೊಂದಿಗೆ ಸೇರಿ ನಿಯಮದ ಬದಲಾವಣೆಗಾಗಿ ಸಹಿ ಸಂಗ್ರಹಿಸಿದಳು, ಹೋದಲ್ಲೆಲ್ಲ ಮಾತನಾಡಿದಳು. ಫಿಬಾ ಮೊದಲು ಪ್ರಯೋಗವೆಂದು ಕೆಲವೆಡೆ ಸಡಿಲಿಸಿ, ಕೊನೆಗೆ 2017ರ ಮೇ ತಿಂಗಳಲ್ಲಿ ಹೊಸ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ಮುಖ ಮುಚ್ಚಬಾರದು, ಚುಚ್ಚುವ ಅಥವಾ ಹೊರಚಾಚುವ ಭಾಗ ಇರಬಾರದು ಎಂಬ ಷರತ್ತುಗಳೊಂದಿಗೆ ಶಿರವಸ್ತ್ರಕ್ಕೆ ಅನುಮತಿ. ಗುಂಡುಸೂಜಿ ಬೇಡ ಎಂದಷ್ಟೇ ಆದರೆ ಯಾವ ತಾಯಿ ಬೇಡವೆನ್ನುತ್ತಾಳೆ? ಇಷ್ಟು ಬರೆಯಲು ಇಷ್ಟು ವರ್ಷ ಹಿಡಿಯಿತು.

ನಿಯಮ ಜಾರಿಗೆ ಬಂದದ್ದು 2017ರ ಅಕ್ಟೋಬರ್ 1ರಂದು. ಬಿಲ್ಕೀಸ್‌ಗೆ ಆಗ 27 ತುಂಬುವುದರಲ್ಲಿತ್ತು. ಕಾಲೇಜಿನ ಕೊನೆಯ ಪಂದ್ಯ ಆಡಿ ಮೂರು ವರ್ಷಗಳ ಮೇಲಾಗಿತ್ತು. ಒಂಬತ್ತು ತಿಂಗಳಿಗೊಂದು ಲೆಕ್ಕ, ಒಂದು ಪದ್ಧತಿ, ಒಂದು ಹೆಸರು ಇತ್ತು. ಈ ಮೂರು ವರ್ಷಗಳನ್ನು ಹಿಂದಿರುಗಿಸುವ ರೆಡ್‌ಶರ್ಟ್ ಯಾವ ನಿಯಮಪುಸ್ತಕದಲ್ಲೂ ಇರಲಿಲ್ಲ. 2018ರಲ್ಲಿ ಅವಳ ಬಗ್ಗೆ ಬಂದ ಸಾಕ್ಷ್ಯಚಿತ್ರದ ಹೆಸರು 'ಲೈಫ್ ವಿದೌಟ್ ಬಾಸ್ಕೆಟ್‌ಬಾಲ್'. ಅಷ್ಟರಲ್ಲಿ ಅವಳು ಕಲಿಸಲು ಆರಂಭಿಸಿದ್ದಳು. ಮುಂದೆ ಕೆನಡಾದ ಒಂಟಾರಿಯೊದಲ್ಲಿ ನೆಲೆಸಿ, ಅಲ್ಲಿಯ ಹುಡುಗಿಯರಿಗೆ ಚೆಂಡು ಪುಟಿಸುವುದನ್ನು ಹೇಳಿಕೊಟ್ಟಳು.