ಕರ್ಹೆಯ ದಂಡೆಯಿಂದ ಭೀಮೆಯ ದಂಡೆಗೆ

ಸರಕಾರಿ ಕಾರಕೂನನ ಪ್ರವಾಸವೆಂದರೆ ರಜೆಗೂ ಸಂಬಳಕ್ಕೂ ಹೊಂದಿಕೆಯಾದಷ್ಟೇ. ಆದರೂ ಕಳೆದ ವರುಷ ಸಾಸವಡದ ಸುತ್ತಲಿನ ದಾರಿಗಳು ನಮಗೆ ಬಹಳಷ್ಟನ್ನು ಕೊಟ್ಟವು.

ಗಾಣಗಾಪುರದ ಕಡೆಯಿಂದ ಬಂದ ನಮ್ಮ ಅವ್ವನಿಗೆ ಇದು ಇನ್ನೂ ಪರಸ್ಥಳ. “ಇಲ್ಲಿ ನಮ್ಮದು ಅಂತ ಏನದ?” ಎಂಬುದು ಆಕೆಯ ನಿತ್ಯದ ಮಾತು. ಆಕೆಯನ್ನೂ ಕರೆದುಕೊಂಡೇ ತಿರುಗಿದೆವು. ಮಳೆಗಾಲದಲ್ಲಿ ದಿವೇ ಘಾಟಿನ ತಿರುವಿನಿಂದ ಕೆಳಗಿನ ಮಸ್ತಾನಿ ಕೆರೆಯನ್ನು ನೋಡಿದೆವು. ಮಂಜು ಕವಿದ ಪುರಂದರಗಡದ ಮೇಲೆ, 1665ರ ಒಪ್ಪಂದದಂತೆ ಶಿವಾಜಿ ಮಹಾರಾಜರು ಮೊಗಲರಿಗೆ 23 ಕೋಟೆಗಳನ್ನು ಬಿಟ್ಟುಕೊಟ್ಟ ಕಥೆಯನ್ನು ಮಗಳಿಗೆ ಹೇಳಿದೆ. ಜೇಜೂರಿಯಲ್ಲಿ ಭಂಡಾರ ಹಚ್ಚಿಕೊಂಡ ಖಂಡೋಬನನ್ನು ಕಂಡು ಅವ್ವ, “ಇವ ನಮ್ಮ ಮೈಲಾರಲಿಂಗನೇ ಅಲ್ಲೇನು?” ಎಂದು ಕೈಮುಗಿದಳು. ಮನೆಗೆ ಬಂದ ಮೇಲೆ ಮತ್ತೆ ಅದೇ ಹಳೆಯ ಮಾತು.

ಚಳಿಗಾಲದಲ್ಲಿ ಎಸ್.ಟಿ. ಬಸ್ಸು ಹಿಡಿದು ನೀರಾ-ನರಸಿಂಹಪುರಕ್ಕೆ ಹೋದೆವು. ನಮ್ಮೂರ ಕರ್ಹೆ ನೀರಾ ನದಿಯನ್ನು ಸೇರುತ್ತಾಳೆ; ನೀರಾ ಇಲ್ಲಿ ಭೀಮೆಯನ್ನು ಕೂಡುತ್ತಾಳೆ; ಭೀಮೆ ಗಾಣಗಾಪುರವನ್ನು ದಾಟಿ ರಾಯಚೂರ ಸಮೀಪ ಕೃಷ್ಣೆಯಲ್ಲಿ ಒಂದಾಗುತ್ತಾಳೆ. ಇದನ್ನು ಹೇಳಿದಾಗ ಅವ್ವ ಬಹಳ ಹೊತ್ತು ಸಂಗಮವನ್ನೇ ನೋಡುತ್ತ ಕುಳಿತಳು. ಆಮೇಲೆ ಬೊಗಸೆಯಲ್ಲಿ ನೀರೆತ್ತಿ ಮೊಮ್ಮಗಳ ತಲೆಗೆ ಚಿಮುಕಿಸಿ, “ನಮ್ಮೂರಿಗೆ ಹೊಂಟ ನೀರವ್ವಾ ಇದು” ಎಂದಳು.

ಬೇಸಿಗೆಗೆ ಕರ್ಹೆ ಬತ್ತಿ ಕಲ್ಲುಗಳು ಕಾಣತೊಡಗಿದವು. ಅವ್ವ ಈಗ ಮಳೆಯ ದಾರಿ ಕಾಯುತ್ತಾಳೆ. ಹೊರನಾಡ ಬಂಧುಗಳೇ, ನೀವಿರುವ ಊರಿನ ಹೊಳೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ವಿಚಾರಿಸಿ ನೋಡಿರಿ.