ಅಸಲಿ ಮದುವೆಗೂ ರಿಹರ್ಸಲ್!

1990ರ ‘ಗ್ರೀನ್ ಕಾರ್ಡ್’ ಚಿತ್ರದಲ್ಲಿ ಕಾಗದದ ಮದುವೆಯಾದ ಜೋಡಿ ನಕಲಿ ಫೋಟೋ ತೆಗೆದು, ಒಬ್ಬರ ವಿಷಯ ಇನ್ನೊಬ್ಬರು ಉರು ಹೊಡೆಯುತ್ತಾರೆ. ನಾಯಕ ಎಡವುವುದು ಹೆಂಡತಿಯ ಮುಖದ ಕ್ರೀಮಿನ ಹೆಸರಲ್ಲಿ!

ನನ್ನದು ಅಸಲಿ ಮದುವೆ ಸ್ವಾಮಿ. ಅವಳು ಅಮೆರಿಕದಲ್ಲಿ, ನಾನಿಲ್ಲಿ. ಆದರೂ ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನ ಅಂದರೆ ಎದೆ ಢವಢವ. ಮದುವೆ ಸರ್ಟಿಫಿಕೇಟು, ಪೊಲೀಸ್ ಸರ್ಟಿಫಿಕೇಟು, ಮೆಡಿಕಲ್ಲು ಎಲ್ಲ ಮುಗೀತು. ನನ್ನನ್ನು ಸಾಕುವ ಹೊಣೆಪತ್ರಕ್ಕೆ ಅವಳೇ ಸಹಿ ಹಾಕಿದ್ದಾಳೆ... ನಮ್ಮ ಹೀರೋಗಳು ಕೇಳಿಸಿಕೊಳ್ಳಬಾರದು! ಇಷ್ಟಾದರೂ ಮದುವೆಯಾಗಿ 2 ವರ್ಷ ತುಂಬದವರಿಗೆ ಸಿಗೋದು 2 ವರ್ಷದ ಷರತ್ತಿನ ಕಾರ್ಡು.

ನಿನ್ನೆ ಫೋನಿನಲ್ಲಿ ಕೇಳಿದೆ: “ನಿನ್ನ ಕ್ರೀಮು ಯಾವುದೇ?”

“ಉರು ಹೊಡೀಬೇಡಿ ರೀ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ” ಅಂದು ನಕ್ಕಳು. ಆಮೇಲೆ ಮೆತ್ತಗೆ, “ಕೊಡ್ತಾರೆ ಅಲ್ವಾ?” ಅಂದಳು.